ತೊಟ್ಟಿನ ಕಡೆಯ ಕಾಳು

ಬಸವನ ಬಾಗೇವಾಡಿ
ಜನವರಿ ೪, ೧೯೭೬

ಪ್ರಿಯ ಸಗೀರಾ,

ಈ ಚೀಲವನ್ನು ನಮ್ಮ ಮನೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರು ಬಸ್ ಕಂಡಕ್ಟರ್. ಈ ತಿಂಗಳು ಇಂಡಿಯ ಬಸ್ಸಿನ ಮೇಲೆ ಡ್ಯೂಟಿ ಬಿದ್ದಿದೆ. ಒಳಗಿರುವುದು ನಮ್ಮ ಹೊಲದ ಹಸಿ ತೊಗರಿ ಕಾಯಿ. ಕುದಿಸಿ ತಿನ್ನುವ ಮೊದಲು ದಯಮಾಡಿ ಒಂದೊಂದನ್ನೂ ಬಿಡಿಸಿ ನೋಡು.

ಮುದ್ದೇಬಿಹಾಳದ ಟ್ರೇನಿಂಗ್ ಕಾಲೇಜಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದು, ಆಮೇಲೆ ಮೂರು ವರ್ಷ ಒಂದಕ್ಷರ ಬರೆಯದವಳು ಈಗ ತೊಗರಿ ಕಳಿಸಿದ್ದಾಳಲ್ಲ ಎಂದು ನಿನಗೆ ಅನಿಸಬಹುದು. ಅನಿಸಲಿ. ನೀನು ಅಲ್ಲಿ ಹೆಣ್ಣುಮಕ್ಕಳ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತೀ ಎಂದು ಕೇಳಿದೆ. ಕೇಳಲು ನನಗೆ ಬೇರೆ ಯಾರೂ ಇಲ್ಲ.

ನಮ್ಮ ಮಾವನವರು ರೇವಪ್ಪ ಹೋದ ಬೇಸಿಗೆಯಲ್ಲಿ ತೀರಿಕೊಂಡರು. ಮೊನ್ನೆ ಎಳ್ಳ ಅಮಾವಾಸ್ಯೆಗೆ ಎಂದಿನಂತೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಉಂಡೆವು. ಊಟವಾದ ಮೇಲೆ ಮಾವನವರ ಅಕ್ಕ ಗುಂಡವ್ವ ಕೂತಲ್ಲೇ ಕೈಗೆ ಸಿಕ್ಕ ಕಾಯಿ ಬಿಡಿಸತೊಡಗಿದರು. ಒಂದರಲ್ಲಿ ನಾಲ್ಕು ಕಾಳಿರಬೇಕಾದಲ್ಲಿ ಮೂರು, ಇನ್ನೊಂದರಲ್ಲಿ ಎರಡು. ಉಳಿದ ಜಾಗದಲ್ಲಿ ಸಾಸಿವೆಯಷ್ಟು ಸುಕ್ಕಿದ ಚುಕ್ಕೆ. ಬಿಡಿಸಿ ಬಿಡಿಸಿ ಮಡಿಲ ತುಂಬ ಹಾಕಿಕೊಂಡು ಆಮೇಲೆ ನಮ್ಮ ಭಾವ ಖಂಡೆಪ್ಪನವರ ಕಡೆ ನೋಡಿದರು. ಗಂಡ ಸತ್ತ ವರ್ಷವೇ ಹೂ ಬಿಟ್ಟ ಹೊಲದಲ್ಲಿ ತಿರುಗಾಡಿದರೆ ಕಾಳು ಹೇಗೆ ಕಟ್ಟೀತು ಎಂದರು. ಅತ್ತೆಯವರು ಅಲ್ಲೇ ಬುತ್ತಿಯ ಪಾತ್ರೆ ತಿಕ್ಕುತ್ತಿದ್ದರು.

ಭಾವ ತಾಯಿಯ ಕಡೆ ತಿರುಗಿ ಅಂದದ್ದು ಇಷ್ಟೇ: "ಯವ್ವ, ಮುಂದಿನ ವರ್ಷ ಹೂ ಬಿಟ್ಟಾಗ ನೀ ಹೊಲಕ್ಕ ಬರಬ್ಯಾಡ."

ಅತ್ತೆಯವರು "ಆತು" ಎಂದರು. ಮತ್ತೆ ಪಾತ್ರೆ ತಿಕ್ಕಿದರು.

ಅತ್ತೆಯವರ ಹೆಸರು ಕಸ್ತೂರೆವ್ವ. ಈ ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಇಲಿ ಬಿಲ ತೋಡುತ್ತದೆ ಎಂದು ಕಣ್ಣು ಮುಚ್ಚಿ ಹೇಳುವ ಹೆಂಗಸು. ಸಗೀರಾ, ಕಾಯೊಳಗೆ ಕೆಲವು ಕಾಳು ಏಕೆ ಕಟ್ಟುವುದಿಲ್ಲ? ನಾವು ಓದಿದ ಪುಸ್ತಕದಲ್ಲಿ ಇದು ಇತ್ತೇ? ನನಗೆ ನೆನಪಿಲ್ಲ.

ಉತ್ತರದ ದಾರಿ ಕಾಯುವ,
ಇಂದುಬಾಯಿ

•

ಇಂಡಿ
ಜನವರಿ ೧೯, ೧೯೭೬

ಶ್ರೀಮತಿ ಇಂದುಬಾಯಿ ಅವರಿಗೆ,

ನಿಮ್ಮ ಪತ್ರ ಮತ್ತು ಚೀಲ ತಲುಪಿದವು. ನಿಮ್ಮ ಯಜಮಾನರು ಸಾಲೆಯ ಬಾಗಿಲಲ್ಲೇ ಕೊಟ್ಟು ಹೋದರು, ಚಹಾಕ್ಕೂ ನಿಲ್ಲಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಏಳನೆಯ ಇಯತ್ತೆಯ ಪುಸ್ತಕದಲ್ಲಿ ಇಲ್ಲ. ನಮ್ಮ ಟ್ರೇನಿಂಗ್ ಪುಸ್ತಕದಲ್ಲಿಯೂ ಇಲ್ಲ, ತೆಗೆದು ನೋಡಿದೆ. ಹೂವಿನ ಚಿತ್ರ ಇದೆ, ಕಾಯಿಯ ಚಿತ್ರ ಇದೆ. ಚಿತ್ರದ ಕಾಯಲ್ಲಿ ಎಲ್ಲ ಕಾಳೂ ತುಂಬಿಕೊಂಡಿವೆ.

ಕಾಯಿಗಳನ್ನು ಬಿಡಿಸಿದೆ. ಕೆಲವು ವಿಷಯ ನಿಮ್ಮಿಂದ ತಿಳಿಯಬೇಕು. ಒಂದು, ಸಿಪ್ಪೆಗೆ ತೂತು ಇದೆಯೋ ಇಲ್ಲವೋ? ಕೀಡಿ ತಿಂದಿದ್ದರೆ ಗುರುತು ಇರುತ್ತದೆ. ನೀವು ಕಳಿಸಿದವುಗಳಲ್ಲಿ ತೂತಿನವು ಬಹಳ ಕಡಿಮೆ. ಎರಡು, ಕಟ್ಟದ ಕಾಳು ಕಾಯಿಯ ಯಾವ ಕಡೆಗಿದೆ, ತೊಟ್ಟಿನ ಕಡೆಗೋ ಚೂಪು ತುದಿಯ ಕಡೆಗೋ? ನಾನು ನೋಡಿದ್ದು ನಿಮ್ಮ ಒಂದು ಚೀಲ ಮಾತ್ರ, ಅದರಿಂದ ಏನೂ ಹೇಳಲಾರೆ. ಮೂರು, ಮಾವನವರು ಬದುಕಿದ್ದಾಗ ಯಾರಾದರೂ ಹೀಗೆ ಬಿಡಿಸಿ ನೋಡಿದ್ದುಂಟೇ?

ಬೇರೆ ಸಂಗತಿಗಳ ಬಗ್ಗೆ ಬರೆಯುವುದು ಬೇಡ.

ಇಂತಿ,
ಸಗೀರಾ ಫಕೀರಸಾಬ
ಸಹಶಿಕ್ಷಕಿ

•

ಬಸವನ ಬಾಗೇವಾಡಿ
ಫೆಬ್ರವರಿ ೨, ೧೯೭೬

ಪ್ರಿಯ ಸಗೀರಾ,

ನೀನು "ನೀವು" ಎಂದು ಬರೆದದ್ದನ್ನು ನೋಡಿದೆ. ಆಗಲಿ. ನಾನು ನೀನು ಎಂದೇ ಬರೆಯುತ್ತೇನೆ, ನನಗೆ ಬೇರೆ ರೂಢಿ ಇಲ್ಲ.

ನಿನ್ನ ಪತ್ರವನ್ನು ಅತ್ತೆಯವರ ಮುಂದೆ ಓದಿದೆ. ಅವರಿಗೆ ಓದು ಬರುವುದಿಲ್ಲ. ಮಧ್ಯಾಹ್ನ ನೋಡಿದರೆ ಪಡಸಾಲೆಯಲ್ಲಿ ಮೊರದ ತುಂಬ ತೊಗರಿ ಕಾಯಿ ಹಾಕಿಕೊಂಡು ಕೂತಿದ್ದಾರೆ. ತೊಟ್ಟು ಎಡಕ್ಕೆ, ತುದಿ ಬಲಕ್ಕೆ ಬರುವಂತೆ ಹಿಡಿದು ಬಿಡಿಸುತ್ತಿದ್ದಾರೆ. ನಾನೂ ಕೂತೆ. ಅಂದಿನಿಂದ ಸಾರಿಗೆ ಕಾಳು ಬಿಡಿಸುವುದೆಂದರೆ ನಮ್ಮಿಬ್ಬರಿಗೂ ಅಡಿಗೆಯ ಕೆಲಸವಾಗಿ ಉಳಿದಿಲ್ಲ.

ಸಗೀರಾ, ತೊಟ್ಟಿನ ಕಡೆಗೇ. ಯಾವಾಗಲೂ ಅಲ್ಲ, ಆದರೆ ಹೆಚ್ಚಾಗಿ ತೊಟ್ಟಿಗೆ ಹತ್ತಿರದ ಕಾಳೇ ಕಟ್ಟದೆ ಉಳಿದಿರುತ್ತದೆ. ತುದಿಯವು ದುಂಡಗಿರುತ್ತವೆ. ಅತ್ತೆಯವರಿಗೆ ಇದು ಬಹಳ ವಿಚಿತ್ರವಾಗಿ ಕಂಡಿತು. "ಉಣ್ಣಾಕ ಬರೂದು ತೊಟ್ಟಿನಿಂದ ಅಲ್ಲನು? ಒಲಿ ಮುಂದ ಕುಂತಾಂವ ಉಪಾಸ, ಬಾಗಲದಾಗ ಕುಂತಾಂವಗ ಊಟ. ಇದ್ಯಾವ ನ್ಯಾಯ?" ಎಂದು ಕೇಳಿದರು.

ಆಮೇಲೆ ಅವರೇ ಎದ್ದು ಹಿತ್ತಲ ಚಪ್ಪರದ ಅವರೆ ಕಿತ್ತು ತಂದರು. ಆ ಬಳ್ಳಿಗೆ ದಿನಾ ನೀರು ಹಾಕುವವರು ಅವರೇ. ಕಾಯಿ ತುಂಬಿ ನಿಂತಿದೆ. ಅಲ್ಲಿಯೂ ಕಟ್ಟದ ಕಾಳು ಅಲ್ಲೊಂದು ಇಲ್ಲೊಂದು ಇವೆ. ನಾನು ಇದನ್ನು ನಮ್ಮ ಮನೆಯವರ ಮೂಲಕ ಭಾವನವರಿಗೆ ಹೇಳಿಸಿದೆ. ಹಿತ್ತಲು ಬೇರೆ, ಹೊಲ ಬೇರೆ ಎಂದರಂತೆ. ಅವರು ಕೆಟ್ಟವರಲ್ಲ. ತಂದೆ ಹೋದ ಮೇಲೆ ಹೊಲದ ಭಾರವೆಲ್ಲ ಅವರ ಮೇಲೆ ಬಿದ್ದಿದೆ. ಏನಾದರೂ ತಪ್ಪೀತು ಎಂಬ ಅಂಜಿಕೆ ಅವರ ಮುಖದಲ್ಲಿ ಮನೆ ಮಾಡಿದೆ.

ನಿನ್ನ ಮೂರನೆಯ ಪ್ರಶ್ನೆಯನ್ನು ಮನೆಯಲ್ಲಿ ಎಲ್ಲರಿಗೂ ಕೇಳಿದೆ. ಯಾರೂ ನೋಡಿದವರಿಲ್ಲ.

ನಿನ್ನ,
ಇಂದು

•

ಇಂಡಿ
ಮಾರ್ಚ್ ೨೮, ೧೯೭೬

ಇಂದೂ,

ತಡವಾಯಿತು. ಪರೀಕ್ಷೆಗಳಿದ್ದವು. ಅದೊಂದೇ ಕಾರಣವಲ್ಲ, ಸರಿಯಾಗಿ ತಿಳಿದವರನ್ನು ಕೇಳಿ ಬರೆಯೋಣ ಎಂದು ಕಾದೆ. ಸಿಂದಗಿಯಲ್ಲಿ ನಮ್ಮ ಅಣ್ಣನ ಗೆಳೆಯರು ಶ್ರೀಶೈಲಪ್ಪ ಎಂಬವರಿದ್ದಾರೆ, ಸಸ್ಯಶಾಸ್ತ್ರ ಓದಿದವರು. ಹೋದ ರವಿವಾರ ಅವರ ಮನೆಗೆ ಹೋಗಿದ್ದೆ. ನಿಮ್ಮ ಅತ್ತೆಯವರ ಒಲೆ ಮುಂದಿನ ಉಪವಾಸದ ಮಾತು ಹೇಳಿದೆ. ಅವರು ನಗಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡು ಇನ್ನೊಮ್ಮೆ ಹೇಳಿಸಿಕೊಂಡರು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಹೂವು ಅರಳುವಾಗಲೇ ಅದರ ನಡುವಿನ ಎಳೆ ಕಾಯಿಯೊಳಗೆ ಕಾಳಿನ ಜಾಗಗಳು ಸಾಲಾಗಿ ಸಿದ್ಧವಾಗಿರುತ್ತವೆ. ಪ್ರತಿಯೊಂದು ಜಾಗಕ್ಕೂ ತನ್ನದೇ ಒಂದು ಪರಾಗದ ಕಣ ಬೇಕು. ಆ ಕಣ ತುದಿಯ ಕಡೆ ಬಿದ್ದು, ಅಲ್ಲಿಂದ ಕೂದಲಿಗಿಂತ ಸಣ್ಣ ಎಳೆಯೊಂದನ್ನು ಒಳಗೆ ಇಳಿಬಿಡುತ್ತದೆ. ಅಂದರೆ ತುದಿಯ ಕಾಳಿಗೆ ಮೊದಲು ಮುಟ್ಟುತ್ತದೆ, ತೊಟ್ಟಿನ ಕಡೆಯದಕ್ಕೆ ಕೊನೆಗೆ. ಒಮ್ಮೊಮ್ಮೆ ಮುಟ್ಟುವುದೇ ಇಲ್ಲ. ಮುಟ್ಟಿದರೂ, ಮೊದಲು ಬೆಳೆಯತೊಡಗಿದ ಕಾಳು ಊಟವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹಿಂದೆ ಉಳಿದದ್ದು ಸುಕ್ಕುತ್ತದೆ. ನೆಲದಲ್ಲಿ ಹಸಿ ಕಡಿಮೆಯಾದಾಗ ಗಿಡ ತಾನಾಗಿಯೇ ಕೆಲವನ್ನು ಕೈಬಿಡುತ್ತದಂತೆ.

ಹಾಗಾದರೆ ಇದೇ ಪೂರ್ತಿ ಉತ್ತರವೇ ಎಂದು ಕೇಳಿದೆ. ಅಲ್ಲ ಎಂದರು. ಕೆಲವು ಜಾತಿಯ ಗಿಡಗಳಲ್ಲಿ ಇದು ತಿರುಗಾಮುರುಗಾ ಇರುತ್ತದಂತೆ, ತೊಟ್ಟಿನ ಕಡೆಯವು ತುಂಬಿ ತುದಿಯವು ಸುಕ್ಕುತ್ತವಂತೆ. ಏಕೆ ಎಂದರೆ ಓದಿದವರಲ್ಲೇ ಒಮ್ಮತ ಇಲ್ಲ.

ನಿನ್ನ ಭಾವನವರ ಸಂಶಯ ಇದರಿಂದ ಹೋಗುವುದಿಲ್ಲ ಎಂದು ನನಗೆ ಗೊತ್ತು. ಮಾತಿನಿಂದ ಹೋಗುವಂಥದ್ದಲ್ಲ ಅದು. ಒಂದು ಕಾರಣ ನಿಜವೋ ಅಲ್ಲವೋ ತಿಳಿಯಬೇಕಾದರೆ ಆ ಒಂದನ್ನು ತೆಗೆದು ನೋಡಬೇಕು, ಬೇರೆಲ್ಲ ಇದ್ದ ಹಾಗೇ ಇರಬೇಕು. ಹುಡುಗಿಯರಿಗೆ ನಾನು ಹೇಳಿಕೊಡುವುದು ಇದನ್ನೇ. ನಾನು ಈ ಮಳೆಗಾಲ ಸಾಲೆಯ ಅಂಗಳದಲ್ಲಿ ತೊಗರಿ ಹಾಕುತ್ತೇನೆ. ಬೀಜ ನಿಮ್ಮ ಹೊಲದ್ದೇ ಇರಲಿ, ಕಳಿಸು.

ಸಿಂದಗಿಯಲ್ಲಿ ಆ ಸಾಲೆಯ ಮುಂದೆ ಹಾದು ಬಂದೆ. ಇಬ್ಬರೂ ಅಲ್ಲೇ ಕೆಲಸಕ್ಕೆ ಸೇರೋಣ ಎಂದು ಅರ್ಜಿ ಬರೆದಿದ್ದೆವಲ್ಲ, ಅದೇ ಸಾಲೆ. ಸಂದರ್ಶನದ ದಿನ ನಾನು ಅದರ ಕಟ್ಟೆಯ ಮೇಲೆ ಸಂಜೆಯ ತನಕ ನಿನಗಾಗಿ ಕೂತಿದ್ದೆ. ನಿನ್ನ ಮದುವೆ ಕಾಗದ ಆಮೇಲೆ ಬಂತು. ಕಟ್ಟೆಗೆ ಈಗ ಸುಣ್ಣ ಹಚ್ಚಿದ್ದಾರೆ.

ಸಗೀರಾ

•

ಬಸವನ ಬಾಗೇವಾಡಿ
ಜುಲೈ ೧೧, ೧೯೭೬

ಪ್ರಿಯ ಸಗೀರಾ,

ಬೀಜದ ಗಂಟು ತಲುಪಿತೆಂದು ಇವರು ಹೇಳಿದರು. ಈ ಸಲ ಚಹಾ ಕುಡಿದು ಬಂದರಂತೆ, ನಿಮ್ಮ ಸಾಲೆಯ ಚಹಾದಲ್ಲಿ ಸಕ್ಕರೆ ಬಹಳ ಅಂತೆ.

ಸಿಂದಗಿಯ ಕಟ್ಟೆಯ ಬಗ್ಗೆ ನೀನು ಬರೆದದ್ದನ್ನು ಎಷ್ಟೋ ಸಲ ಓದಿದೆ. ಅದಕ್ಕೆ ಉತ್ತರ ಬರೆಯಬೇಕೆಂದೇ ಮೂರು ತಿಂಗಳು ಕೂತೆ. ಕೂತಾಗಲೆಲ್ಲ ತೊಗರಿಯ ವಿಷಯವೇ ಬರೆಯಲು ಸುಲಭ ಅನಿಸುತ್ತದೆ.

ಬಿತ್ತನೆ ಮುಗಿಯಿತು. ಬಿತ್ತುವಾಗ ಅತ್ತೆಯವರು ಹೊಲದಲ್ಲಿದ್ದರು. ಭಾವ ಬೇಡವೆಂದದ್ದು ಹೂವಿನ ಕಾಲಕ್ಕೆ ಮಾತ್ರ. ನಿನ್ನ ಕಾಗದವನ್ನು ನಾನು ಅತ್ತೆಯವರಿಗೆ ಆಗಲೇ ಓದಿ ಹೇಳಿದ್ದೆ. ತುದಿಯಿಂದ ಇಳಿಯುವ ಎಳೆಯ ಮಾತನ್ನು ಮತ್ತೆ ಮತ್ತೆ ಓದಿಸಿದರು. ಮರೆತಿರಬೇಕು ಎಂದುಕೊಂಡಿದ್ದೆ. ನಿನ್ನೆ ಭಾವ, ನಮ್ಮ ಮನೆಯವರು ಇಬ್ಬರೂ ಉಣ್ಣುತ್ತಿದ್ದಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದರು:

"ಆ ಇಂಡಿ ಹುಡುಗಿ ಒಂದನ್ನ ತಗದ ನೋಡಬೇಕು ಅಂತ ಬರದಾಳಲ್ಲ. ಹಂಗಾದ್ರ ನನ್ನ ತಗದ ನೋಡ್ರಿ. ದಸರಾ ಮುಗಿದ ಮ್ಯಾಲೆ ಲಚ್ಯಾಣಕ್ಕ ನಮ್ಮ ತಂಗಿ ಕಡೆ ಹೋಗ್ತೇನಿ. ಕಾಯಿ ಬಲಿಯೂ ತನಾ ಊರಾಗೂ ಇರೂದಿಲ್ಲ."

ಭಾವ ಹಾಗೇನೂ ಬೇಕಾಗಿಲ್ಲ, ಮನೆಯಲ್ಲೇ ಇದ್ದರೆ ಸಾಕು ಎಂದರು. ಅತ್ತೆಯವರು ಒಪ್ಪಲಿಲ್ಲ. ಮನೆಯಲ್ಲಿದ್ದರೆ, ನಸುಕಿನಲ್ಲಿ ಎದ್ದು ಹೋಗಿ ನೋಡಿ ಬಂದಿರಬೇಕು ಎಂದು ನಾಳೆ ಯಾರಾದರೂ ಅಂದಾರು ಎಂದರು. ಭಾವ ಊಟ ಅರ್ಧಕ್ಕೆ ಬಿಟ್ಟು ಎದ್ದರು.

ಸಗೀರಾ, ನೀನು ಬರೆದದ್ದು ಪ್ರಯೋಗದ ಮಾತು. ಅತ್ತೆಯವರು ಕೇಳಿಸಿಕೊಂಡದ್ದು ಮನೆ ಬಿಡುವ ಮಾತಾಗಿ. ನಾನು ಓದಿ ಹೇಳಬಾರದಿತ್ತೇ?

ನಿನ್ನ,
ಇಂದು

•

ಇಂಡಿ
ಅಕ್ಟೋಬರ್ ೧೭, ೧೯೭೬

ಇಂದೂ,

ಓದಿ ಹೇಳಬೇಕಾಗಿತ್ತು. ಅವರ ಬಗೆಗಿನ ಮಾತು ಅವರಿಗೆ ತಿಳಿಯದೆ ನಾವಿಬ್ಬರೇ ಕಾಗದದಲ್ಲಿ ಆಡಿಕೊಂಡಿದ್ದರೆ ಅದು ಇನ್ನೂ ಕೆಟ್ಟದಾಗುತ್ತಿತ್ತು.

ನಿಮ್ಮ ಹೊಲದ ಬೀಜ ಇಲ್ಲಿ ಸಾಲೆಯ ಬೇಲಿಯ ಉದ್ದಕ್ಕೂ ಬೆಳೆದು ಹೂ ಬಿಟ್ಟಿದೆ. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿಯರು ಗಿಡದ ಸುತ್ತ ಇರುತ್ತಾರೆ. ಕೆಲವು ಕೊಂಬೆಗೆ ತೆಳ್ಳನ ಮಲ್‌ಮಲ್ ಬಟ್ಟೆಯ ಚೀಲ ಹೊಲಿದು ಕಟ್ಟಿದ್ದೇನೆ, ಜೇನುನೊಣ ಕೂಡ ಒಳಗೆ ಹೋಗದ ಹಾಗೆ. ಇನ್ನು ಕೆಲವು ಕೊಂಬೆಯಲ್ಲಿ ಅರ್ಧ ಹೂವನ್ನು ಚಿವುಟಿ ಹಾಕಿದ್ದೇನೆ. ಬಾಯಿ ಕಡಿಮೆಯಾದರೆ ಉಳಿದವಕ್ಕೆ ಊಟ ಹೆಚ್ಚು ಸಿಗುತ್ತದೆಯೋ ನೋಡಬೇಕು. ಹೂ ಚಿವುಟುವಾಗ ಒಬ್ಬ ಹುಡುಗಿ ಅತ್ತುಬಿಟ್ಟಳು. ಅವಳಿಗೆ, ಗಿಡವೇ ದಿನಾ ಉದುರಿಸುವ ಹೂ ನೋಡು ಎಂದು ನೆಲ ತೋರಿಸಿದೆ. ನೆಲವೆಲ್ಲ ಹಳದಿಯಾಗಿತ್ತು. ಎಷ್ಟೊಂದು ಹೂ ಬಿಟ್ಟು ಎಷ್ಟು ಕಡಿಮೆ ಇಟ್ಟುಕೊಳ್ಳುತ್ತದೆ ಈ ಗಿಡ. ನಾನೂ ಅಂದೇ ಸರಿಯಾಗಿ ನೋಡಿದ್ದು.

ಕಟ್ಟೆಯ ವಿಷಯಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ. ಬರೆದರೆ ಓದುತ್ತೇನೆ.

ನಿನ್ನ,
ಸಗೀರಾ

•

ಲಚ್ಯಾಣ
ನವೆಂಬರ್ ೯, ೧೯೭೬

ಚಿ. ಸೌ. ಇಂದವ್ವಗೆ ಕಸ್ತೂರೆವ್ವ ಹೇಳಿ ಬರೆಸಿದ ಕಾರ್ಡು. ಬರೆಯುತ್ತಿರುವವಳು ತಂಗಿ ಸಿದ್ದಲಿಂಗವ್ವನ ಸೊಸೆ.

ನಾ ಆರಾಮ ಅದೇನಿ. ಇಲ್ಲಿ ಇವರ ತೊಗರಿ ಆಳೆತ್ತರ ಬಂದೈತಿ, ಹೂ ಕಿಕ್ಕಿರದೈತಿ. ನಾ ದಿನಾ ಅದರಾಗ ತಿರಗಾಡೇನಿ. ಸಿದ್ದಲಿಂಗವ್ವಗ ಬಂದ ದಿನಾನ ಹೇಳೇನಿ, ಹಿಂಗಿಂಗ ಐತಿ, ನಿನ್ನ ಬೆಳಿ ಕೆಟ್ಟರ ನನ್ನ ಕಡಿಂದ ಅಂತ ತಿಳಕೋ ಅಂತ. ಅಕಿ, ಸುಮ್ಮ ಕಳೆ ಕೀಳಾಕ ಬಾ ಅಂದ್ಲು. ಖಂಡೆಪ್ಪಗ ಎಣ್ಣಿ ಹಚ್ಚಿಕೊಂಡ ಜಳಕಾ ಮಾಡಂತ ಹೇಳು. ಹಿತ್ತಲ ಅವರೆ ಬಳ್ಳಿಗೆ ನೀರ ಹಾಕು. ಕಾಯಿ ಆದಮ್ಯಾಲೆ ನೀ ಬಿಡಿಸಬ್ಯಾಡ. ಖಂಡೆಪ್ಪನ ಕೈಲೆ ಬಿಡಿಸು.

ಆಶೀರ್ವಾದ.
ಕಸ್ತೂರೆವ್ವನ ಹೆಬ್ಬೆಟ್ಟಿನ ಗುರುತು

•

ಇಂಡಿ
ಡಿಸೆಂಬರ್ ೧೯, ೧೯೭೬

ಇಂದೂ,

ನಿಮ್ಮದು ಏನಾಯಿತೆಂದು ತಿಳಿಯುವ ಮೊದಲೇ ನಮ್ಮದನ್ನು ಬರೆದುಬಿಡುತ್ತೇನೆ. ನಿಮ್ಮದನ್ನು ನೋಡಿ ತಿದ್ದಿಕೊಂಡೆ ಎಂದು ನನಗೇ ಅನಿಸಬಾರದು.

ಬೇಲಿಯ ಗಿಡಗಳಲ್ಲಿ ಕಟ್ಟದ ಕಾಳು ಇವೆ. ನಿಮ್ಮ ಹಾಗೆಯೇ, ಹೆಚ್ಚಾಗಿ ತೊಟ್ಟಿನ ಕಡೆ. ಬಟ್ಟೆ ಕಟ್ಟಿದ ಕೊಂಬೆಯಲ್ಲಿ ಹೂವಿನ ಸ್ವಂತ ಪರಾಗದಿಂದಲೇ ಕಾಯಿ ಬಿಟ್ಟಿದ್ದವು, ಯಾರ ಕೈಯೂ ಉಸಿರೂ ತಾಗಿರಲಿಲ್ಲ, ಅಲ್ಲಿಯೂ ಇವೆ. ಹೂ ಚಿವುಟಿದ ಕೊಂಬೆಯಲ್ಲಿ ಕಾಯಿ ಚೆನ್ನಾಗಿ ತುಂಬಿವೆ, ಬೆರಳಿಗೆ ತಿಳಿಯುವಷ್ಟು. ಆದರೂ ಅಲ್ಲೂ ಕೆಲವು ಜಾಗ ಖಾಲಿಯೇ. ಊಟದ ಕೊರತೆ ಒಂದು ಕಾರಣ ಇರಬೇಕು, ಅದೊಂದೇ ಅಲ್ಲ. ಉಳಿದದ್ದು ನನಗೆ ತಿಳಿದಿಲ್ಲ. ಶ್ರೀಶೈಲಪ್ಪ ಸರ್ ಮುಂದಿನ ವರ್ಷ ಹೆಸರು, ಅಲಸಂದಿ ಎರಡನ್ನೂ ಹಾಕಿ ನೋಡು ಎಂದಿದ್ದಾರೆ. ಹಾಕುವವಳೇ.

ಎಳ್ಳ ಅಮಾವಾಸ್ಯೆ ಬಂತಲ್ಲ. ಈ ಸಲ ಹೊಲದಲ್ಲಿ ಬಡಿಸುವವರು ಯಾರು?

ನಿನ್ನ,
ಸಗೀರಾ

•

ಬಸವನ ಬಾಗೇವಾಡಿ
ಜನವರಿ ೧೬, ೧೯೭೭

ನನ್ನ ಸಗೀರಾ,

ಬಡಿಸಿದವಳು ನಾನು. ಅತ್ತೆಯವರಿಲ್ಲದ ಚರಗ. ಗುಂಡವ್ವ ಬಂದಿದ್ದರು. ಊಟ ಆಗುತ್ತಲೇ ನಾನು ಒಂದು ಬುಟ್ಟಿ ಕಾಯಿ ಭಾವನವರ ಮುಂದಿಟ್ಟು, ಅತ್ತೆಯವರು ಹೇಳಿ ಕಳಿಸಿದ್ದಾರೆ ಎಂದೆ. ನಾನು ಅವರ ಎದುರು ನಿಂತು ಮಾತಾಡಿದ್ದು ಅದೇ ಮೊದಲು.

ಒಂದು ಬಿಡಿಸಿದರು. ತುಂಬಿತ್ತು. ಇನ್ನೊಂದರಲ್ಲಿ ತೊಟ್ಟಿನ ಕಡೆ ಕಟ್ಟಿರಲಿಲ್ಲ. ಮತ್ತೊಂದರಲ್ಲಿಯೂ. ಬುಟ್ಟಿಯನ್ನು ಬಿಟ್ಟು ಎದ್ದು ಹೊಲದೊಳಗೆ ಹೋದರು. ದೂರದ ಸಾಲಿನಿಂದ, ಬದುವಿನ ಅಂಚಿನಿಂದ ತಾವೇ ಕಿತ್ತು ಕಿತ್ತು ನೋಡಿದರು. ಹೋದ ವರ್ಷದ ಹಾಗೆಯೇ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಗುಂಡವ್ವ, ವರ್ಷ ತುಂಬಿದರೂ ಸೂತಕದ ನೆರಳು ಹೋಗಿಲ್ಲವೇನೋ ಎಂದು ಶುರು ಮಾಡಿದರು. ಭಾವ ಸಿಟ್ಟಾಗಲಿಲ್ಲ. "ಅತ್ತಿ, ಅವ್ವ ಇಲ್ಲಿ ಇದ್ದೇ ಇಲ್ಲಲ್ಲ" ಎಂದರು. ಕೈಯಲ್ಲಿದ್ದ ಸಿಪ್ಪೆ ಹಿಡಿದುಕೊಂಡೇ ಬದುವಿನ ಮೇಲೆ ಕೂತುಬಿಟ್ಟರು.

ಮರುದಿನವೇ ಲಚ್ಯಾಣಕ್ಕೆ ಹೋದರು, ತಾಯಿಯನ್ನು ಕರೆತರಲು. ಒಬ್ಬರೇ ತಿರುಗಿ ಬಂದರು. ತಂಗಿಯ ಹೊಲದ ಕೊಯ್ಲು ಮುಗಿಯದೆ ಬರಲಾರೆ ಎಂದರಂತೆ ಅತ್ತೆಯವರು. ಉಣ್ಣಿಸಿ, ಬುತ್ತಿ ಕಟ್ಟಿ ಕಳಿಸಿದ್ದರು.

ನಿನ್ನೆ ಬಂದರು. ನಮ್ಮ ಮನೆಯವರ ಬಸ್ಸಿನಲ್ಲೇ ಬಂದು, ಊರಿನ ಸ್ಟ್ಯಾಂಡಿನ ತನಕ ಬಾರದೆ ಹೊಲದ ಹತ್ತಿರವೇ ಇಳಿದರು. ನಾವು ಕೊಯ್ಯುತ್ತಿದ್ದೆವು. ಭಾವ ಕುಡುಗೋಲು ಕೆಳಗಿಟ್ಟು ಎದುರು ಹೋಗಿ ಕಾಲು ಮುಟ್ಟಿದರು. ಅತ್ತೆಯವರು ಅವರ ತಲೆಯ ಮೇಲೆ ಕೈಯಿಟ್ಟು, ಎಣ್ಣೆ ಹಚ್ಚಿಕೊಂಡಿಲ್ಲ ಎಂದು ಬೈದರು. ಆಮೇಲೆ ಸೀರೆಯ ಸೆರಗಿನ ಗಂಟು ಬಿಚ್ಚಿ ಲಚ್ಯಾಣದ ಕಾಯಿ ಕೆಳಗೆ ಸುರಿದರು. ಇಡೀ ಹೂವಿನ ಕಾಲ ತಾವು ಓಡಾಡಿದ ಹೊಲದ ಕಾಯಿ. ಬಿಡಿಸಿದೆವು. ನಮ್ಮ ಹೊಲದವನ್ನೂ ಅವನ್ನೂ ಬೆರೆಸಿಬಿಟ್ಟರೆ ಯಾವುದು ಎಲ್ಲಿಯದೆಂದು ಯಾರೂ ಹೇಳಲಾರರು.

ಸಂಜೆ ನಾವಿಬ್ಬರೇ ಒಂದೇ ಸಾಲಿನಲ್ಲಿ ಕೊಯ್ಯುತ್ತಿದ್ದಾಗ ನಾನು, ಅತ್ತೀ, ನೀವು ಭಾವನವರಿಗೆ ಚೆನ್ನಾಗಿ ತೋರಿಸಿಕೊಟ್ಟಿರಿ ಎಂದೆ. ಅವರು ಕೊಯ್ಯುವುದನ್ನು ನಿಲ್ಲಿಸಿದರು.

"ಅವಗ ತೋರಸಾಕ ಹೋಗಿದ್ದಿಲ್ಲವ್ವ," ಎಂದರು. "ಗುಂಡವ್ವ ಅಂದದ್ದು ಖರೇ ಇರಬೇಕಂತ ನಾನೂ ತಿಳದಿದ್ದೆ. ಪಾತ್ರಿ ತಿಕ್ಕೋತ ಆವತ್ತ ಅದನ್ನ ವಿಚಾರ ಮಾಡಾಕತ್ತಿದ್ದೆ. ನನ್ನ ಕಾಲಾಗ ಅಂಥಾದ್ದ ಏನರೆ ಬಂದೈತೇನು ಅಂತ. ನನಗ ಗೊತ್ತಾಗಬೇಕಿತ್ತು."

ಸಗೀರಾ, ಎಷ್ಟೋ ದಿನ ಅವರ ಪಕ್ಕದಲ್ಲೇ ಕೂತು ಕಾಯಿ ಬಿಡಿಸಿದ್ದೇನೆ. ನನಗೆ ಇದು ತಿಳಿದಿರಲಿಲ್ಲ. ಅವರು ನನ್ನ ಮಾತಿಗೆ ಕಾಯಲಿಲ್ಲ. ಬಗ್ಗಿ ಮುಂದಿನ ಗಿಡದ ಬುಡಕ್ಕೆ ಕುಡುಗೋಲು ಹಾಕಿದರು.

ಮುಂದಿನ ರವಿವಾರ ಇಂಡಿಗೆ ಬರುತ್ತಿದ್ದೇನೆ. ಆ ದಿನ ಸಿಂದಗಿಗೆ ಏಕೆ ಬರಲಿಲ್ಲ ಎಂಬುದನ್ನು ಕಾಗದದಲ್ಲಿ ಬರೆಯಲಾರೆ. ಎದುರು ಕೂತು ಹೇಳುತ್ತೇನೆ.

ನಿನ್ನ,
ಇಂದು